ನಡುಗೋಡೆಯ ಬಾಗಿಲು

ದಲ್ಲಾಳಿ ಒಂದು ಕಾಲನ್ನು ನಮ್ಮ ಮನೆಯಲ್ಲಿ, ಇನ್ನೊಂದನ್ನು ಮೈದುನನ ಮನೆಯಲ್ಲಿ ಇಟ್ಟುಕೊಂಡು ನಡುಗೋಡೆಯ ಬಾಗಿಲಿನ ಅಗಲ ಅಳೆಯುತ್ತಿದ್ದ. ನನ್ನ ಕೈಯಲ್ಲಿ ಕತ್ತರಿ ಇತ್ತು. ಇಂಥ ಹೊತ್ತಿನಲ್ಲಿ ಇವಳ ಕೈಗೆ ಕತ್ತರಿ ಸಿಗಬಾರದು ಎಂದು ನಮ್ಮತ್ತೆ ಯಾವಾಗಲೂ ಹೇಳುತ್ತಾರೆ. ಕೋಪ ನನಗೆ ಮೂಗಿನ ತುದಿಯಲ್ಲೇ.

"ಇದನ್ನ ಮುಚ್ಚಿಸಿಬಿಡಿ ಮೇಡಂ," ಎಂದ. "ಬಾಗಿಲು ನೋಡಿದ್ರೆ ಯಾರೂ ಮನೆ ತಗೊಳ್ಳಲ್ಲ."

ಮೈಯೆಲ್ಲ ಉರಿದುಹೋಯಿತು. ಅವನಿಗೇನು ಗೊತ್ತು?

ನಗರದ ರೈಲು ಬಂದು ನಿಲ್ಲುವ ಕಡೆ, ಸಮುದ್ರದ ದಂಡೆಗೆ ಒತ್ತಿಕೊಂಡು ಕಟ್ಟಿದ ಸಾಲುಮನೆಗಳು ನಮ್ಮವು. ಒಂದರ ಗೋಡೆಯೇ ಇನ್ನೊಂದಕ್ಕೂ ಗೋಡೆ. ಆ ಮನೆಯವರು ಸೀನಿದರೆ ಈ ಮನೆಯವರಿಗೆ ಕೇಳಿಸುತ್ತದೆ. ಸಾಲಿನವರಿಗೆಲ್ಲ ಕಿಟಕಿ ಪರದೆ ಹೊಲಿದುಕೊಡುವವಳು ನಾನು. ಉಪ್ಪುಗಾಳಿಗೆ ಪರದೆ ಹಾಳಾಗುವ ಮೊದಲೇ ಮನೆ ಕೈ ಬದಲಾಗಿರುತ್ತದೆ. ಮೂಲೆಮನೆಗೆ ಮೂರು ಸಲ ಹೊಲಿದಿದ್ದೇನೆ, ಮೂರು ಸಲವೂ ಬೇರೆ ಬೇರೆ ಮಾಲೀಕರಿಗೆ. ಇಲ್ಲಿ ಜನ ಮನೆ ಕೊಳ್ಳುವುದು ಇರುವುದಕ್ಕಲ್ಲ, ಮಾರುವುದಕ್ಕೆ. ನನ್ನ ಹೊಟ್ಟೆ ತುಂಬುವುದೂ ಅದರಿಂದಲೇ, ಬೈಯುವ ಹಾಗಿಲ್ಲ. ಆದರೂ ಬೈಯುತ್ತೇನೆ.

ನಮ್ಮೆರಡು ಮನೆ ಮಾತ್ರ ಹಾಗಲ್ಲ ಅಂದುಕೊಂಡಿದ್ದೆ. ಅಣ್ಣ ತಮ್ಮ ಅಕ್ಕಪಕ್ಕದ ಮನೆ ಹಿಡಿದು, ಬಣ್ಣ ಬಳಿಯುವ ಮೊದಲೇ ನಡುಗೋಡೆ ಒಡೆಸಿ ಬಾಗಿಲು ಇಡಿಸಿದ್ದರು. ಅಡುಗೆ ನಮ್ಮ ಕಡೆ. ಅತ್ತೆಯ ಮಂಚ ಅವರ ಕಡೆ, ಸಮುದ್ರ ಕಾಣುವ ಕೆಳಗಿನ ಕೋಣೆಯಲ್ಲಿ. ಮಂಡಿನೋವಿನ ಅತ್ತೆ ಗೋಡೆ ಹಿಡಿದುಕೊಂಡು ಊಟಕ್ಕೆ ಈಚೆ ಬರುತ್ತಾರೆ, ಮಲಗಲು ಆಚೆ ಹೋಗುತ್ತಾರೆ. ಆಮೇಲೆ ಸಾಲುಮನೆಯ ಸಂಘದವರು ನಡುಗೋಡೆ ಒಡೆಯಬಾರದು ಎಂದು ನಿಯಮ ಮಾಡಿದರು. ಇರುವ ಬಾಗಿಲು ಇರಬಹುದು; ಒಮ್ಮೆ ಮುಚ್ಚಿದರೆ ಮತ್ತೆ ತೆರೆಯುವಂತಿಲ್ಲ. ಇಡೀ ಸಾಲಿನಲ್ಲಿ ಅಂಥದ್ದು ಇರುವುದು ನಮ್ಮದೊಂದೇ.

ಈಗ ಮೈದುನನಿಗೆ ನಗರದಲ್ಲಿ ಫ್ಲ್ಯಾಟ್ ಬೇಕು. ಬೆಲೆ ಏರಿದೆ, ಏರಿದಾಗಲೇ ಮಾರಬೇಕು. ಇದನ್ನು ಮೊದಲು ದಲ್ಲಾಳಿಗೆ ಹೇಳಿ, ಆಮೇಲೆ ಗೆಳೆಯರಿಗೆ ಹೇಳಿ, ಕೊನೆಗೆ ನಮಗೆ ಹೇಳಿದ. ತಾಯಿಗೆ ಹೇಳುವ ಕೆಲಸ ನನ್ನ ತಲೆಗೆ ಕಟ್ಟಿದ. ಬಾಗಿಲು ಮುಚ್ಚಿದ ಮೇಲೆ ಅಮ್ಮ ಎಲ್ಲಿರಬೇಕು ಎಂದು ಕೇಳಿದರೆ, ಅದನ್ನೆಲ್ಲ ಆಮೇಲೆ ನೋಡ್ಕೊಳ್ಳೋಣ ಅತ್ತಿಗೆ ಅಂದ. ಫ್ಲ್ಯಾಟ್ ಮೊದಲು, ಹೆತ್ತವಳು ಆಮೇಲೆ. ಆ ಗೋಡೆ ಮುಟ್ಟಿದವರ ಕೈ ಮುರಿಯುತ್ತೇನೆ ಎಂದೆ.

ನನ್ನ ಗಂಡ ಹೂಂಗುಟ್ಟಿದರು. ತಮ್ಮನಿಗೆ ಬುದ್ಧಿ ಕೆಟ್ಟಿದೆ, ಇರುವ ಮನೆಯನ್ನು ಯಾರಾದರೂ ಮಾರುತ್ತಾರೆಯೇ ಎಂದು ಊಟಕ್ಕೆ ಕೂತಾಗಲೆಲ್ಲ ಹೇಳಿದರು. ಅವರ ಮೇಲೆ ನನಗೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಎರಡು ದಿನ ಬೈಯಲೇ ಇಲ್ಲ.

ದಲ್ಲಾಳಿ ಅಷ್ಟಕ್ಕೆ ಬಿಡುವ ಆಸಾಮಿಯಲ್ಲ. ಮುಚ್ಚುವುದು ಬೇಡವಾದರೆ ಭಾನುವಾರ ಗಿರಾಕಿ ಬಂದಾಗ ಬಾಗಿಲಿನ ಮೇಲೆ ಒಂದು ದಪ್ಪ ಪರದೆ ಬಿಡಿ, ಹೇಗೂ ಹೊಲಿಯುವವರು ಮನೆಯಲ್ಲೇ ಇದ್ದೀರಿ, ಕೂಲಿ ಕೊಡಿಸುತ್ತೇನೆ ಎಂದ. ಗಾಯದ ಮೇಲೆ ಬರೆ ಎಳೆಯುವುದೆಂದರೆ ಇದೇ. ಭಾನುವಾರ ನಾನು ಬಾಗಿಲನ್ನು ಪೂರ್ತಿ ತೆರೆದಿಟ್ಟೆ. ಸರಿಯಾಗಿ ಹೊಸ್ತಿಲ ಪಕ್ಕದಲ್ಲೇ ಕುರ್ಚಿ ಹಾಕಿ ಅತ್ತೆಯನ್ನು ಕೂರಿಸಿದೆ, ಕಾಲಿಗೆ ಸ್ಟೂಲು ಕೊಟ್ಟೆ, ಕೈಗೆ ಊಟದ ತಟ್ಟೆ ಕೊಟ್ಟೆ. ಬಂದವರು ಕಣ್ಣು ಬಿಟ್ಟು ನೋಡಲಿ.

ನೋಡಿದರು. ಬಂದ ಗಂಡ ಹೆಂಡತಿ ಬಾಗಿಲಲ್ಲಿ ನಿಂತು ಈಚೆ ಇಣುಕಿದರು, ಅತ್ತೆಯ ಕಾಲು ದಾಟಿಕೊಂಡು ನಮ್ಮ ಅಡುಗೆಮನೆಗೇ ಬಂದರು. ಅವರ ಮುಖ ಅರಳಿತು. ಇಂಥ ಜೋಡಿಮನೆ ಎಲ್ಲೂ ನೋಡಿಲ್ಲ, ಎರಡನ್ನೂ ಈ ಬಾಗಿಲ ಸಮೇತ ಕೊಟ್ಟರೆ ತಗೊಳ್ಳುತ್ತೇವೆ, ಬಿಡಿಬಿಡಿಯಾಗಿ ಬೇಡ ಎಂದರು. ದಲ್ಲಾಳಿ ನಿಂತ ಕಾಲಲ್ಲೇ ಬೆಲೆ ಕಟ್ಟಿದ. ಎರಡು ಮನೆ ಬೇರೆ ಬೇರೆ ಮಾರಿದರೆ ಕನಸಿನಲ್ಲೂ ಬಾರದ ಬೆಲೆ. ಈಗ ಇವರು ನಾಲ್ಕು ಬಿಗಿಯುತ್ತಾರೆ ನೋಡು ಎಂದು ನಾನು ಗಂಡನ ಕಡೆ ತಿರುಗಿದೆ. ಅವರು ಗಲ್ಲ ಸವರಿಕೊಳ್ಳುತ್ತಿದ್ದರು.

"ನೋಡೋಣ," ಎಂದರು.

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ನೋಡೋಣ. ಆ ನೋಡೋಣವನ್ನು ನಾನು ಚೆನ್ನಾಗಿ ಬಲ್ಲೆ. ಸಂಜೆಯ ಹೊತ್ತಿಗೆ ಅವರಿಗೆ ನಗರದಲ್ಲಿ ಅಮ್ಮನಿಗೆ ಆಸ್ಪತ್ರೆ ಹತ್ತಿರವಾಗುವುದು ನೆನಪಾಯಿತು. ದಲ್ಲಾಳಿ ನಾಳೆ ಸಂಜೆ ಮುಂಗಡ ತರುತ್ತಾನೆ, ಸುಮ್ಮನೆ ಒಂದು ಮಾತು ಕೇಳುವುದರಲ್ಲಿ ಏನು ತಪ್ಪು ಎಂದರು. ನನ್ನನ್ನು ಕೇಳಿದಿರಾ ಎಂದೆ.

"ನಿನಗೇನು? ಹೊಲಿಗೆ ಮಿಷನ್ ಎಲ್ಲಿಟ್ರೂ ಓಡುತ್ತೆ," ಎಂದರು.

ಮನೆಪತ್ರದಲ್ಲಿ ಇರುವುದು ಅವರ ಹೆಸರೊಂದೇ. ನಾನು ಎಷ್ಟು ಕೂಗಿದರೂ ಅದು ಬರೀ ಕೂಗಾಟ. ಮೈದುನನ ಮೇಲಿನ ಸಿಟ್ಟು ಬಾಯಿಗೆ ಬಂದಿತ್ತು. ಈ ಸಿಟ್ಟು ಬಾಯಿಗೆ ಬರಲಿಲ್ಲ. ಸುಮ್ಮನೆ ಪಾತ್ರೆ ತೊಳೆದಿಟ್ಟೆ.

ಮರುದಿನ ಬೆಳಿಗ್ಗೆ ಅಣ್ಣ ತಮ್ಮ ಇಬ್ಬರೂ ರೈಲು ಹತ್ತಿದ ಮೇಲೆ ಗಾರೆಯವನಿಗೆ ಫೋನು ಮಾಡಿದೆ. ಅಂದು ಆ ಗೋಡೆ ಒಡೆದವನೂ ಅವನೇ. ಇಟ್ಟಿಗೆ ಇಳಿಸಿದ ಸದ್ದಿಗೆ ವಾರಗಿತ್ತಿ ಬಾಗಿಲಿಗೆ ಬಂದಳು. ಮೈದುನನ ಹೆಂಡತಿ, ಇಷ್ಟು ದಿನದ ಜಗಳದಲ್ಲಿ ತುಟಿ ಬಿಚ್ಚದವಳು. ಬಾಗಿಲು ಮುಚ್ಚಿದರೆ ಜೋಡಿಮನೆ ಇಲ್ಲ, ಜೋಡಿಮನೆ ಇಲ್ಲದಿದ್ದರೆ ನನ್ನ ಮನೆಯಾದರೂ ಉಳಿಯುತ್ತದೆ ಎಂದು ಹೇಳಿದೆ. ನಿಮ್ಮದು ಹೇಗೂ ಹೋಗುತ್ತದೆ ಎಂದೂ ಹೇಳಿದೆ, ಸ್ವಲ್ಪ ಒರಟಾಗಿಯೇ. ಅವಳು ಒಳಗೆ ಹೋಗಿ ಅತ್ತೆಯ ಮಂಚದ ಒಂದು ತುದಿ ಹಿಡಿದುಕೊಂಡು ನನಗಾಗಿ ಕಾದಳು.

ಇಬ್ಬರೂ ಸೇರಿ ಎಳೆದೆವು. ಹೊಸ್ತಿಲಿಗೆ ಮಂಚದ ಕಾಲು ಸಿಕ್ಕಿಕೊಂಡಿತು, ಓರೆ ಮಾಡಿ ದಾಟಿಸಿದೆವು. ನನ್ನ ಹೊಲಿಗೆ ಮೇಜು ಜರುಗಿಸಿ ಆ ಜಾಗಕ್ಕೆ ಹಾಕಿದೆವು. ಅತ್ತೆ ಅದರ ಮೇಲೆ ಕೂತು ಸುತ್ತ ನೋಡಿ, ಇಲ್ಲಿಂದ ಸಮುದ್ರ ಕಾಣಲ್ವಲ್ಲೇ ಎಂದರು. ಇಲ್ಲ ಎಂದೆ. ಬೇರೇನು ಹೇಳಲಿ?

ಗಾರೆಯವನು ಇಟ್ಟಿಗೆ ಇಡುತ್ತಾ ಹೋದ, ಸಿಮೆಂಟು ನಾನೇ ಕಲಸಿಕೊಟ್ಟೆ. ಗೋಡೆ ಎದೆಮಟ್ಟಕ್ಕೆ ಬಂದಾಗ ವಾರಗಿತ್ತಿ ಅದರ ಮೇಲಿಂದ ಅತ್ತೆಯ ದಿಂಬು, ಹೊದಿಕೆ, ಊರುಗೋಲು ಒಂದೊಂದಾಗಿ ದಾಟಿಸಿದಳು. ಮುಂದಿನ ನಾಲ್ಕು ಇಟ್ಟಿಗೆ ಸಾಲಿಗೆ ಅವಳ ಮುಖ ಮರೆಯಾಯಿತು. ಇಷ್ಟು ದಿನ ಮೈದುನ ಗೋಗರೆದದ್ದನ್ನು ನನ್ನ ಕೈಯಾರೆ ನಾನೇ ಮಾಡಿಕೊಟ್ಟಿದ್ದೆ. ಅದರ ಸಿಟ್ಟು ಬೇರೆ.

ಸಂಜೆ ಗಂಡ ಬಂದು ಹಸಿ ಗೋಡೆಯ ಮುಂದೆ ಚೀಲ ಹಿಡಿದುಕೊಂಡೇ ನಿಂತರು.

"ಯಾರನ್ನ ಕೇಳಿ ಮುಚ್ಚಿಸ್ದೆ?"

"ಮಾರೋದಕ್ಕೆ ನೀವು ಯಾರನ್ನ ಕೇಳಿದ್ರೋ, ಅವರನ್ನೇ."

ಅಷ್ಟರಲ್ಲಿ ದಲ್ಲಾಳಿಯ ಫೋನು ಬಂತು. ಇವರು ಹೊರಗೆ ಹೋಗಿ ಗೋಡೆಯ ವಿಷಯ ಹೇಳಿ, ಮುಖ ಇಳಿಬಿಟ್ಟುಕೊಂಡು ಬಂದರು. ಆ ಗಿರಾಕಿಗಳು ಬೇರೆ ಕಡೆ ನೋಡುತ್ತಾರಂತೆ. ತಮ್ಮನ ಮನೆ ಮಾತ್ರ ಈಗ ಬೇಗ ಹೋಗುತ್ತದಂತೆ, ಬಾಗಿಲಿನ ತಕರಾರು ಇಲ್ಲವಲ್ಲ. ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

"ಕಿರಿಯೋನು ಆಚೆ ಉಳಿದುಬಿಟ್ನಲ್ಲೇ," ಎಂದರು.

"ನಿಮ್ಮ ದೊಡ್ಡಮಗನನ್ನ ಈಚೆ ಉಳಿಸ್ಕೊಳ್ಳೋದಕ್ಕೇ ಇಷ್ಟೆಲ್ಲ ಆಯ್ತು ಅತ್ತೆ."

ಗಂಡ ಕೇಳಿಸಿಕೊಂಡರು. ಕೈ ತೊಳೆಯಲು ಹೋದರು.

ಊಟಕ್ಕೆ ಬಡಿಸುವಾಗ ಕರೆಗಂಟೆ ಸದ್ದು ಮಾಡಿತು. ದಲ್ಲಾಳಿಯೇ ಇರಬೇಕು, ಇವತ್ತು ಅವನಿಗೆ ಗ್ರಹಚಾರ ಬಿಡಿಸುತ್ತೇನೆ ಎಂದು ಸೌಟು ಹಿಡಿದುಕೊಂಡೇ ಹೋಗಿ ಬಾಗಿಲು ತೆಗೆದೆ. ವಾರಗಿತ್ತಿ ನಿಂತಿದ್ದಳು. ಅತ್ತೆಯ ಮಂಡಿಗೆ ಹಚ್ಚುವ ಎಣ್ಣೆಯ ಬಾಟಲಿ ಆಚೆಯೇ ಉಳಿದಿತ್ತು, ಅದನ್ನು ಹಿಡಿದುಕೊಂಡು ಬೀದಿಗೆ ಇಳಿದು ಬಂದಿದ್ದಳು. ಇಷ್ಟು ವರ್ಷಗಳಲ್ಲಿ ಅವಳು ನಮ್ಮ ಮನೆಯ ಗಂಟೆ ಒತ್ತಿದ್ದು ಇದೇ ಮೊದಲು. ಕಾಲೊರಸಿನ ಆಚೆಗೇ ನಿಂತು, ಚಪ್ಪಲಿ ಬಿಡಲೋ ಬೇಡವೋ ಎಂದು ನೆಲ ನೋಡುತ್ತಿದ್ದಳು.

"ಒಳಗೆ ಬರ್ಲಾ ಅಕ್ಕ?" ಎಂದು ಕೇಳಿದಳು.