ಬಾಯಿ ತೆರೆದವರ ಸಮ್ಮತಿ

“ಇನ್ನೂ ಸ್ವಲ್ಪ ಅಗಲವಾಗಿ... ಹಾಂ, ಸಾಕು. ಈಗ ನೀವೇ ಹೇಳಿ ಅಮ್ಮಾ, ಈ ಯುದ್ಧಾನ ಮಧ್ಯದಲ್ಲಿ ನಿಲ್ಲಿಸ್ಬೇಕು ಅಂತಾರಲ್ಲ, ಅದಕ್ಕೇನಾದ್ರೂ ಅರ್ಥ ಇದೆಯಾ? ಹುಳುಕು ಹಲ್ಲನ್ನ ಅರ್ಧ ಅಲ್ಲಾಡಿಸಿ ಮನೆಗೆ ಕಳಿಸಿದ ಹಾಗೆ!”

ಕುರ್ಚಿಯಲ್ಲಿ ಅಂಗಾತ ಒರಗಿದ್ದ ಹೆಂಗಸು ಏನನ್ನೂ ಹೇಳುವ ಸ್ಥಿತಿಯಲ್ಲಿರಲಿಲ್ಲ. ಆಕೆಯ ಬಾಯಲ್ಲಿ ಪುಟ್ಟ ಕನ್ನಡಿಯೊಂದು, ಎಂಜಲು ಹೀರುವ ಕೊಳವೆಯೊಂದು, ಸಾಲದ್ದಕ್ಕೆ ಡಾಕ್ಟರ ಬೆರಳುಗಳು ಇದ್ದವು. ಗಂಟಲಿನಿಂದ ಹೊರಟ ಸಣ್ಣ ಸದ್ದನ್ನು ಡಾಕ್ಟರು ಒಪ್ಪಿಗೆಯೆಂದೇ ಎಣಿಸಿದರು. ತಲೆಗೂದಲು ಕಪ್ಪಾಗಿದ್ದ ಕಾಲದಿಂದಲೂ ಅವರು ಹಾಗೆಯೇ ಎಣಿಸುತ್ತ ಬಂದವರು. ಚುನಾವಣೆ, ಎಣ್ಣೆಯ ಬೆಲೆ, ಮಡಚಬಹುದಾದ ಹೊಸ ಫೋನು, ತಾನೇ ಓಡುವ ಕಾರು, ಗಡಿಯಾಚೆಯ ಕದನ, ಈ ಲೋಕದಲ್ಲಿ ಅವರಿಗೆ ಅಭಿಪ್ರಾಯವಿಲ್ಲದ ವಿಷಯವೇ ಇರಲಿಲ್ಲ. ಮನೆಯಲ್ಲಿ ಹೆಂಡತಿ ಎರಡನೆಯ ವಾಕ್ಯಕ್ಕೇ ಎದ್ದು ಒಳಗೆ ಹೋಗುತ್ತಿದ್ದಳು. ಇಲ್ಲಿ ಯಾರೂ ಎದ್ದು ಹೋಗುವಂತಿರಲಿಲ್ಲ. ಬೀದಿಯವರು ಅವರಿಗೆ ರೇಡಿಯೋ ಡಾಕ್ಟರು ಎಂದು ಹೆಸರಿಟ್ಟಿದ್ದರು. “ರೇಡಿಯೋನೇ ಸರಿ, ಆದ್ರೆ ಆರಿಸೋ ಗುಂಡಿ ಮಾತ್ರ ಇಲ್ಲ” ಎಂದು ಅವರ ಸಹಾಯಕಿ ನರ್ಸಮ್ಮ ಹೊರಗೆ ಕಾದು ಕುಳಿತವರನ್ನು ನಗಿಸುತ್ತಿದ್ದಳು. ಕೈ ಮಾತ್ರ ಹೂವಿನಷ್ಟು ಹಗುರ. ಆದ್ದರಿಂದ ಜನ ಕಿವಿಯನ್ನು ತೆತ್ತು ಹಲ್ಲನ್ನು ಉಳಿಸಿಕೊಳ್ಳಲು ಬರುತ್ತಲೇ ಇದ್ದರು.

ಈ ಹೆಂಗಸು ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂರುವವರು. ಕೆಳದವಡೆಯ ಕೊನೆಯ ಹಲ್ಲು ಕೆಟ್ಟು, ಕೆನ್ನೆ ಊದಿಸಿಕೊಂಡು ಬಂದಿದ್ದರು. ಕುರ್ಚಿಗೆ ಒರಗಿದ ಮೇಲೂ ಮುಷ್ಟಿಯಲ್ಲಿ ಫೋನನ್ನು ಬಿಗಿಯಾಗಿ ಹಿಡಿದಿದ್ದುದನ್ನು ಕಂಡು ಡಾಕ್ಟರಿಗೆ ನಗು ಬಂದಿತ್ತು.

“ಇದು ಕೈಯಲ್ಲೇ ಇರ್ಲಿ ಡಾಕ್ಟ್ರೇ, ಒಂದು ಕರೆ...”

“ಕರೆ ಎಲ್ಲಿಗೂ ಓಡಿಹೋಗಲ್ಲಮ್ಮಾ. ಇದೇ ಈ ಕಾಲದ ದೊಡ್ಡ ರೋಗ. ಹಲ್ಲಿನ ಹುಳುಕಿಗಾದ್ರೆ ನನ್ನ ಹತ್ರ ಔಷಧಿ ಇದೆ, ಇದಕ್ಕಿಲ್ಲ” ಎಂದು ಅವರೇ ಅದನ್ನು ಮೆಲ್ಲಗೆ ಬಿಡಿಸಿಕೊಂಡು ಪಕ್ಕದ ಉಕ್ಕಿನ ಡ್ರಾಯರಿನಲ್ಲಿ ಇಟ್ಟಿದ್ದರು. ಆಮೇಲೆ ಚುಚ್ಚುಮದ್ದು ಕೊಡುತ್ತ, ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದ್ದರು: “ನೋವಾದ್ರೆ ಎಡಗೈ ಎತ್ತಿ. ತಕ್ಷಣ ನಿಲ್ಲಿಸ್ತೀನಿ.”

ಈಗ ಅವರು ಇಕ್ಕಳವನ್ನು ಕೈಗೆತ್ತಿಕೊಂಡರು. ನರ್ಸಮ್ಮ ಉಪಕರಣಗಳನ್ನು ಕುದಿಸಲು ಒಳಕೋಣೆಗೆ ಹೋಗಿದ್ದಳು.

“ಯುದ್ಧ ಅಂದ್ಮೇಲೆ ಒಂದಷ್ಟು ಜೀವ ಹೋಗ್ತಾವೆ. ಅದಕ್ಕೆ ಟೀವೀಲಿ ಕೂತು ಅಳೋದ್ಯಾಕೆ? ಇನ್ನೂ ಒಂದು ವರ್ಷ ನಡೀಲಿ, ಒಂದೇ ಸಲ ಬುಡ ಸಮೇತ ಕಿತ್ತುಹಾಕ್ಲಿ ಅಂತೀನಿ ನಾನು.”

ಆಗ ಡ್ರಾಯರಿನೊಳಗೆ ಫೋನು ಗುರ್ರೆಂದಿತು. ಉಕ್ಕಿನ ಮೇಲೆ ಅದು ಅದುರಿದ ಸದ್ದು ಜೀರುಂಡೆಯ ಸದ್ದಿನಂತೆ ಕೋಣೆಯನ್ನು ತುಂಬಿತು. ಹೆಂಗಸಿನ ಎಡಗೈ ಥಟ್ಟನೆ ಮೇಲೆದ್ದಿತು.

ಡಾಕ್ಟರು ಮಾತಿಗೆ ತಪ್ಪುವವರಲ್ಲ, ತಕ್ಷಣ ನಿಲ್ಲಿಸಿದರು. “ನೋವಾ? ಇರಿ ಇರಿ, ಇನ್ನೊಂದು ಕೊಡೋಣ.” ಆಕೆ ತಲೆಯಲ್ಲಾಡಿಸಿದರು, ಏಳಲು ಹವಣಿಸಿದರು, ಡ್ರಾಯರಿನತ್ತ ಕೈ ಚಾಚಿದರು. ಡಾಕ್ಟರು ಮಕ್ಕಳನ್ನು ಸಂತೈಸುವಂತೆ ಭುಜ ಅದುಮಿ ಮಲಗಿಸಿದರು. “ನೋಡಿ, ಒಂದು ಗಳಿಗೆ ಬಿಟ್ಟಿರೋಕೆ ಆಗಲ್ಲ! ನಮ್ಮ ಕಾಲದಲ್ಲಿ ಒಂದು ಕಾಗದ ಬರೋವರೆಗೂ ಜನ ಜೀವ ಹಿಡ್ಕೊಂಡು ಕಾಯ್ತಿದ್ರು. ಅಲ್ಲಾಡ್ಬೇಡಿ ಮತ್ತೆ, ಸೂಜಿ.” ಆಕೆಯ ಕಣ್ಣಿನ ಕೊನೆಯಿಂದ ನೀರು ಕಿವಿಯತ್ತ ಹರಿಯಿತು. ಮದ್ದು ಇನ್ನೂ ಹತ್ತಿಲ್ಲವೆಂದುಕೊಂಡು ಅವರು ಸ್ವಲ್ಪ ಹೆಚ್ಚಾಗಿಯೇ ಕೊಟ್ಟರು. ಗುರ್ರೆನ್ನುವುದು ನಿಂತಿತು. ಹಲ್ಲು, ಅವರ ಕೈಗುಣಕ್ಕೆ ತಕ್ಕಂತೆ, ಒಂದೇ ಎಳೆತಕ್ಕೆ ಬಂದಿತು.

“ಮುಗೀತು ನೋಡಿ! ಈ ಹತ್ತೀನ ಕಚ್ಚಿಕೊಂಡಿರಿ.”

ಆಕೆ ಕಚ್ಚಲಿಲ್ಲ. ಹತ್ತಿಯನ್ನು ಉಗುಳಿ, ಕುರ್ಚಿಯಿಂದ ಜಾರಿ, ತಾವೇ ಡ್ರಾಯರನ್ನು ಎಳೆದರು. ಫೋನನ್ನು ನೋಡಿದರು. ಏನನ್ನೋ ಹೇಳಹೋದರು, ಮರಗಟ್ಟಿದ ತುಟಿಗಳು ಒಂದಕ್ಕೊಂದು ಕೂಡಲಿಲ್ಲ. ಸದ್ದಿಗೆ ಬಂದ ನರ್ಸಮ್ಮ ಆಕೆಯ ಮುಖವನ್ನೂ ಫೋನನ್ನೂ ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು.

“ಅಯ್ಯೋ, ಬಂದಿತ್ತಾ? ಎತ್ಲಿಲ್ವಾ?”

“ಏನಂತೆ?” ಎಂದರು ಡಾಕ್ಟರು.

“ಅವ್ರ ಮಗ ಅಲ್ಲೇ ಇರೋದು ಸಾರ್, ಯುದ್ಧದಲ್ಲಿ. ತಿಂಗಳ ಮೇಲಾಯ್ತಂತೆ ದನಿ ಕೇಳಿ. ಇವತ್ತು ಫೋನಿನ ಸರದಿ ಸಿಕ್ರೆ ಮಾಡ್ತೀನಿ ಅಂತ ಯಾರ ಹತ್ರಾನೋ ಹೇಳಿಕಳ್ಸಿದ್ನಂತೆ. ನಾವು ತಿರುಗಿ ಮಾಡಿದ್ರೆ ಆ ನಂಬರಿಗೆ ಹೋಗಲ್ಲ.”

“ನನಗೆ ಹೇಳ್ಬಾರ್ದಿತ್ತಾ?”

“ಹೊರಗೆ ಕೂತಾಗ ನನಗೆ ಹೇಳಿದ್ರು. ನಾನು ಕೇಳಿದ್ದೆ” ಎಂದಳು ನರ್ಸಮ್ಮ. ದನಿಯಲ್ಲಿ ಕುಹಕವಿರಲಿಲ್ಲ. ಅದಿದ್ದಿದ್ದರೆ ಡಾಕ್ಟರು ಗದರಿ ಪಾರಾಗುತ್ತಿದ್ದರು.

ಅವರು ಕೈಗವಸು ಕಳಚಿದರು. ತಾವು ಆಡಿದ ಮಾತುಗಳೆಲ್ಲ, ಒಂದೊಂದೂ ತಮ್ಮದೇ ದನಿಯಲ್ಲಿ, ಕೋಣೆಯೊಳಗೆ ಇನ್ನೂ ನಿಂತಿವೆಯೆನಿಸಿತು. ಒಂದಷ್ಟು ಜೀವ. ಇನ್ನೂ ಒಂದು ವರ್ಷ. ಅದನ್ನು ಅವರು ಹೇಳಿದ್ದು ಈ ತಾಯಿಯ ನಾಲಿಗೆಯನ್ನು ಬೆರಳಿಂದ ಒತ್ತಿ ಹಿಡಿದುಕೊಂಡು. ಕ್ಷಮಿಸಿ ಎನ್ನಬೇಕೆನಿಸಿತು. ಆದರೆ ಎದುರಿನವರು ಉತ್ತರ ಕೊಡಬಲ್ಲ ಮಾತುಗಳನ್ನು ಆಡಿ ಅವರಿಗೆ ಅಭ್ಯಾಸ ತಪ್ಪಿಹೋಗಿತ್ತು.

“ಮತ್ತೆ ಮಾಡ್ಬಹುದು... ಕೂತ್ಕೊಳ್ಳಿ” ಎಂದಷ್ಟೇ ಅಂದರು. ಹೊರಗಿನವರನ್ನು ನಾಳೆ ಬರಹೇಳುವಂತೆ ನರ್ಸಮ್ಮನಿಗೆ ಸನ್ನೆ ಮಾಡಿದರು. ಆ ತಾಯಿ ಗೋಡೆಯ ಪಕ್ಕದ ಸ್ಟೂಲಿನಲ್ಲಿ ಕುಳಿತರು, ಫೋನು ಮಡಿಲಲ್ಲಿ. ಡಾಕ್ಟರಿಗೆ ಕೂರಲು ಉಳಿದಿದ್ದುದು ರೋಗಿಯ ಕುರ್ಚಿಯೊಂದೇ. ಅವರು ನಿಂತೇ ಇದ್ದರು.

ಕಿಟಕಿಯ ಬಿಸಿಲು ನೆಲದಿಂದ ಗೋಡೆಗೆ ಏರತೊಡಗಿದಾಗ ಫೋನು ಮತ್ತೆ ಅದುರಿತು. ಆಕೆ ಕಿವಿಗೊತ್ತಿಕೊಂಡು “ಆ... ಅಗಾ...” ಎಂದರು. ಆಚೆಯ ದನಿ ಗಾಬರಿಗೊಂಡಿದ್ದು ನಿಂತವರಿಗೂ ಕೇಳಿಸಿತು: “ಅಮ್ಮಾ? ಯಾಕಮ್ಮ ಹೀಗೆ ಮಾತಾಡ್ತಿದೀಯ? ಏನಾಯ್ತು ನಿಂಗೆ? ಪಕ್ಕದಲ್ಲಿ ಯಾರಿದಾರೆ, ಅವ್ರಿಗೆ ಕೊಡು!”

ಆಕೆ ಸುತ್ತ ನೋಡಿ, ಫೋನನ್ನು ಡಾಕ್ಟರತ್ತ ಚಾಚಿದರು.

“ನಾನಪ್ಪಾ... ಹಲ್ಲಿನ ಡಾಕ್ಟರು. ಅಮ್ಮನಿಗೇನೂ ಆಗಿಲ್ಲ. ಹಲ್ಲು ತೆಗೆದೆ, ಬಾಯಿ ಮರಗಟ್ಟಿದೆ, ಅಷ್ಟೆ. ಆಗ ನೀನು ಮಾಡಿದಾಗ ಅವ್ರಿಗೆ ಎತ್ತೋಕೆ ಬಿಡದೇ ಇದ್ದೋನು ನಾನೇ.”

“ಅಯ್ಯೋ, ಪರವಾಗಿಲ್ಲ ಬಿಡಿ ಡಾಕ್ಟ್ರೇ! ನಾನೇನೋ ಅಂದ್ಕೊಂಡು ಹೆದರಿಬಿಟ್ಟಿದ್ದೆ.” ಹುಡುಗ ನಕ್ಕ. ನಗು ತೀರ ಎಳೆಯದಾಗಿತ್ತು. ಬಳಿಕ ದನಿ ತಗ್ಗಿತು. “ಒಂದು ಮಾತು ಕೇಳ್ತೀನಿ, ಅಮ್ಮಂಗೆ ಹೇಳ್ಬೇಡಿ. ಅಲ್ಲಿ ಜನ ಏನಂತಾರೆ ಡಾಕ್ಟ್ರೇ? ನಿಲ್ಲುತ್ತಂತಾ ಇದು? ಇಲ್ಲಿ ನಮಗೇನೂ ಗೊತ್ತಾಗಲ್ಲ. ನೀವು ಓದಿದವ್ರು, ನಿಮಗೇನನ್ಸುತ್ತೆ?”

ನರ್ಸಮ್ಮ ನೆಲ ನೋಡುತ್ತಿದ್ದಳು. ತಾಯಿಯ ಕಣ್ಣು ಡಾಕ್ಟರ ತುಟಿಗಳ ಮೇಲಿತ್ತು. ನಿಮಗೇನನಿಸುತ್ತದೆ ಎಂದು ಇಷ್ಟು ವರ್ಷಗಳಲ್ಲಿ ಯಾರೂ ಅವರನ್ನು ಕೇಳಿರಲಿಲ್ಲ.

“ನನಗೆ... ಗೊತ್ತಿಲ್ಲಪ್ಪಾ” ಎಂದರು. “ನಿಜವಾಗ್ಲೂ ಗೊತ್ತಿಲ್ಲ. ಅಮ್ಮನಿಗೆ ಕೊಡ್ತೀನಿ. ಅವ್ರಿಗೆ ಮಾತು ಬರಲ್ಲ ಈಗ. ನೀನು ಮಾತಾಡು, ಅವ್ರು ಕೇಳ್ತಾರೆ.”

ಆಕೆ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗಿಟ್ಟುಕೊಂಡರು. ಆಗೊಮ್ಮೆ ಈಗೊಮ್ಮೆ ಊಂ ಎಂದರು. ಒಮ್ಮೆ ಹೆಗಲು ಕುಲುಕಿತು. ನಗುವೋ ಅಳುವೋ ತಿಳಿಯಲಿಲ್ಲ. ಮರಗಟ್ಟಿದ ಬದಿಯಿಂದ ರಕ್ತ ಬೆರೆತ ಜೊಲ್ಲು ಗದ್ದದ ಮೇಲೆ ಇಳಿಯುತ್ತಿದ್ದುದು ಆಕೆಗೆ ತಿಳಿಯುತ್ತಿರಲಿಲ್ಲ. ಡಾಕ್ಟರು ಶುಭ್ರವಾದ ಬಟ್ಟೆಯ ತುಂಡೊಂದನ್ನು ತೆಗೆದುಕೊಂಡು ಹತ್ತಿರ ಬಂದರು. ಆ ಮುಖವನ್ನು ಮುಟ್ಟಲು ಕೈ ಬರಲಿಲ್ಲ. ಆಕೆ ನೋಡಲಿ ಎಂದು, ಬಟ್ಟೆಯನ್ನು ಅಂಗೈಯಲ್ಲಿ ಚಾಚಿಕೊಂಡು, ಪಕ್ಕದಲ್ಲಿ ನಿಂತರು.