ಬೋಳು ಕುತ್ತಿಗೆ, ಐದು ಬೆರಳು

ಕೋಳಿಸಂತೆಯ ಬಾಗಿಲಲ್ಲಿ ಕೂತು, ಬಂದ ಕೋಳಿಯ ಜಾತಿ ಹೇಳಿ ಕಾಲಿಗೆ ಚೀಟಿ ಕಟ್ಟೋದು ನನ್ನ ಕೆಲಸ. ಮೂವತ್ತು ವರ್ಷದಿಂದ ಇದೇ. ಮೊದಲು ತಲೆ, ಆಮೇಲೆ ಕಿವಿಯ ಹಾಲೆ, ಕೊನೆಗೆ ಕಾಲು. ನನ್ನ ಮುಂದೆ ಯಾರ ಸುಳ್ಳೂ ನಡೆಯಲ್ಲ. ಬೆನ್ನ ಹಿಂದೆ 'ಕೋಳಿ ಪಂಡಿತೆ' ಅಂತ ಆಡಿಕೊಳ್ತಾರೆ. ಆಡಿಕೊಳ್ಳಲಿ, ನನಗೇನು!

ಆವತ್ತು ಒಬ್ಬ ಹೆಂಗಸು ಬುಟ್ಟಿ ತಂದಿಟ್ಟಳು. "ಇದು ಯಾವ ಜಾತಿ ಅಂತ ಯಾರಿಗೂ ಗೊತ್ತಾಗ್ತಿಲ್ಲಮ್ಮಾ. ನೀವೇ ನೋಡಿ ಹೇಳಿ."

ಹೇಂಟೆಯನ್ನ ಮಡಿಲಿಗೆ ಎತ್ತಿಕೊಂಡೆ. ಕುತ್ತಿಗೆ ಪೂರ್ತಿ ಬೋಳು. ಸರಿ, ಅದು ಬೋಳು ಕುತ್ತಿಗೆ ಜಾತಿಯ ಗುರುತು. ಆದರೆ ತಲೆ ಮೇಲೆ ಪುಕ್ಕದ ಕುಚ್ಚು, ಕಿವಿಯ ಹಾಲೆ ನೀಲಿ, ಪುಕ್ಕ ಸರಿಸಿದರೆ ಚರ್ಮ ಕಪ್ಪು. ಕಾಲಿನ ಬೆರಳು ಎಣಿಸಿದೆ. ನಾಲ್ಕಲ್ಲ, ಐದು! ಇವೆಲ್ಲ ರೇಷ್ಮೆಕೋಳಿಯ ಗುರುತು. ಬೆರಳನ್ನ ಇನ್ನೊಂದು ಸಲ ಎಣಿಸಿದೆ.

ಈ ಎರಡು ಜಾತಿಯನ್ನ ಕೂಡಿಸಿದ ತಲೆಹರಟೆಯನ್ನ ನಾನು ಕಂಡಿದ್ದು ಒಬ್ಬನನ್ನೇ, ನನ್ನ ತಮ್ಮನನ್ನ. ಹನ್ನೊಂದು ವರ್ಷದ ಹಿಂದೆ, ನಾನು ಕಣ್ಣಲ್ಲಿ ಕಣ್ಣಿಟ್ಟು ಸಾಕಿದ್ದ ರೇಷ್ಮೆಕೋಳಿಗಳ ಜೊತೆ ತನ್ನ ಬೋಳು ಹುಂಜ ಬಿಟ್ಟಿದ್ದ. ಮರಿ ನೋಡಿ ನನಗೆ ಪಿತ್ತ ನೆತ್ತಿಗೇರಿತು. "ಜಾತಿ ಕೆಡಿಸಿದೆಯಲ್ಲೋ, ಹಾಳಾಗಿ ಹೋಗು!" ಅಂದುಬಿಟ್ಟೆ. ಮರಿಗಳನ್ನ ಬುಟ್ಟಿಗೆ ತುಂಬಿಕೊಂಡು ಹೋದವನು ಹೋದ. ನದಿಯಾಚೆ ಇದ್ದಾನಂತೆ ಅಂತ ಕಿವಿಗೆ ಬಿದ್ದಿತ್ತು. ದೊಡ್ಡವಳು ನಾನು, ಅವನೇ ಬಂದು ತಪ್ಪಾಯ್ತು ಅನ್ನಲಿ ಅಂತ ಬಿಗುಮಾನ ನನಗೆ.

ಈಗ ಅವನ ಕೋಳಿಯೇ ನನ್ನ ಮಡಿಲಿಗೆ ಬಂದಿದೆ. ಇದೇ ನೆಪ ಸಾಕು, ಇವತ್ತೇ ಹೋಗಿ ಕಿವಿ ಹಿಂಡಿ ಮನೆಗೆ ಎಳಕೊಂಡು ಬರ್ತೀನಿ ಅಂದುಕೊಂಡೆ.

"ಇದನ್ನ ಸಾಕಿದ ಕತ್ತೆ ಎಲ್ಲಿ? ಮುಖ ತೋರಿಸೋಕೆ ನಾಚಿಕೆಯಂತಾ?" ನಗ್ತಾ ಕೇಳಿದೆ.

ಹೆಂಗಸಿನ ಮುಖ ಇಳಿದುಹೋಯಿತು. "ನಮ್ಮ ಬಾಡಿಗೆ ಕೋಣೇಲಿದ್ದರು. ಎಂಟು ತಿಂಗಳು ಹಾಸಿಗೆ ಹಿಡಿದಿದ್ದರಮ್ಮಾ. ಹೋದ ಸೋಮವಾರ ತೀರಿಕೊಂಡರು. ಕೋಳಿ ನೋಡಿಕೊಳ್ಳೋರಿಲ್ಲ, ಅದಕ್ಕೇ ತಂದೆ."

ಕೋಳಿಯನ್ನ ಹಾಗೇ ಅವುಚಿಕೊಂಡೆ.

"'ನಿಮ್ಮೋರಿಗೆ ಹೇಳಿ ಕಳಿಸ್ಲಾ' ಅಂತ ಅವರನ್ನ ಎಷ್ಟೋ ಸಲ ಕೇಳಿದೆ," ಅಂದಳು. "'ಅಕ್ಕ ಒಬ್ಬಳಿದ್ದಾಳೆ. ಕೋಪ ಇಳಿದ ದಿನ ಅವಳೇ ಕರೆಸ್ತಾಳೆ' ಅಂತಿದ್ದರು."

ಅಯ್ಯೋ, ಇಳಿದಿತ್ತು ಕಣೋ! ನೀನು ಹೋದ ವಾರಕ್ಕೇ ಇಳಿದಿತ್ತು. ಹೇಳಿ ಕಳಿಸೋಕೆ ನನಗೇನು ದಾಡಿಯಾಗಿತ್ತು?