ಮೂರನೇ ಮಹಡಿಯ ಎಡೆ

ಕನಕರಾಜು ಮನೆ ಮಾರಿದ್ದು ಮಂಡಿಗಳ ಮಾತು ಕೇಳಿ. ನೀರಾವರಿ ಇಲಾಖೆಯಲ್ಲಿ ಗುಮಾಸ್ತನಾಗಿ ಕುರ್ಚಿಯ ಮೇಲೇ ಆಯುಸ್ಸು ಕಳೆದು ನಿವೃತ್ತನಾದವನ ಮಂಡಿ ಅದು ಹೇಗೆ ಸವೆಯಿತೋ ದೇವರೇ ಬಲ್ಲ, ಅಂತೂ ಸವೆದಿತ್ತು. ಮಳವಳ್ಳಿಯ ಮನೆಯನ್ನು ಕಟ್ಟಿಸಿದವನು ಅವನೇ. ರಸ್ತೆಯ ನೀರು ಒಳಗೆ ನುಗ್ಗಬಾರದೆಂದು ಪಾಯ ಎತ್ತರಿಸಿ, ಬಾಗಿಲಿಗೆ ಮೆಟ್ಟಿಲ ಮೇಲೆ ಮೆಟ್ಟಿಲು ಇಡಿಸಿದ್ದ. ಈಗ ಆ ಮೆಟ್ಟಿಲುಗಳೇ ಮುಳುವಾದವು. ಹಿತ್ತಲು ಗುಡಿಸುವವರಿಲ್ಲ, ಸಂಪು ತೊಳೆಯುವವರಿಲ್ಲ, ಮೇಲಿನ ಕೋಣೆಗಳಿಗೆ ಹತ್ತಿ ತಿಂಗಳುಗಟ್ಟಲೆ ಆಗಿತ್ತು. ಇಬ್ಬರಿಗೆ ಇಷ್ಟು ದೊಡ್ಡ ಮನೆ ಯಾಕೆ ಎಂದು ಮಂಡ್ಯದಲ್ಲಿ ಟೀಚರಾಗಿದ್ದ ಮಗಳು ರಮ್ಯಶ್ರೀ ಮೊದಲು ಕೇಳಿದಳು. ಆಮೇಲೆ ಕನಕರಾಜು ಅದನ್ನೇ ತನ್ನ ಸ್ವಂತ ಬುದ್ಧಿ ಎಂಬಂತೆ ಊರಿಗೆಲ್ಲ ಹೇಳಿಕೊಂಡು ತಿರುಗಿದ.

ಮಂಡ್ಯದ ಅಂಚಿನಲ್ಲಿ, ಮೊನ್ನೆ ಮೊನ್ನೆಯವರೆಗೂ ಕಬ್ಬು ನಿಂತಿದ್ದ ಜಾಗದಲ್ಲಿ ಎದ್ದ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಒಂದು ಫ್ಲ್ಯಾಟು ಸಿಕ್ಕಿತು. ಲಿಫ್ಟಿತ್ತು, ಮಂಡಿಗೆ ಇನ್ನೇನು ಬೇಕು. ಒರಳುಕಲ್ಲು, ನೀರು ಕಾಯಿಸುವ ಹಂಡೆ, ಅಡ್ಡಗೋಡೆಯಂಥ ಮಂಚ, ಯಾವುದೂ ಅಲ್ಲಿ ಹಿಡಿಯುವುದಿಲ್ಲವೆಂದು ಒಂದೊಂದಾಗಿ ಕೇಳಿದವರಿಗೆ ಕೊಟ್ಟರು. ಹೆಂಡತಿ ರೇವಮ್ಮ ಯಾವುದಕ್ಕೂ ತಕರಾರು ಎತ್ತಲಿಲ್ಲ. ತವರಿನಿಂದ ಬಂದ ಹಂಡೆ ಆಟೋ ಹತ್ತಿದಾಗಲೂ ಸೆರಗಿನಲ್ಲಿ ಕೈ ಒರೆಸಿಕೊಂಡು ಒಳಗೆ ಹೋದಳು. ಅವಳು ಕೇಳಿದ್ದು ಒಂದೇ. ಮಗನನ್ನು ಮಾತ್ರ ಅಲ್ಲೇ ಬಿಟ್ಟು ಹೋಗಬಾರದು, ಕರೆದುಕೊಂಡು ಹೋಗಬೇಕು.

ಮಗ ಹರ್ಷವರ್ಧನ. ಇಷ್ಟುದ್ದದ ಹೆಸರು ರೇವಮ್ಮನ ಬಾಯಲ್ಲಿ ಅರ್ಸ ಎಂದು ಮೊಟಕಾಗಿತ್ತು. ಡಿಪ್ಲೊಮಾ ಓದುತ್ತಿದ್ದ ಹುಡುಗ ಮದ್ದೂರಿನ ಹತ್ತಿರ ಹೈವೇಯಲ್ಲಿ ಬೈಕಿನಿಂದ ಬಿದ್ದು ಸತ್ತು ವರ್ಷಗಳಾಗಿದ್ದವು. ಹೊರಗೆ ಸತ್ತವರು ತಾವಾಗಿ ಮನೆಗೆ ಬರುವುದಿಲ್ಲ, ಕರೆದು ಒಳಗೆ ತುಂಬಿಸಿಕೊಳ್ಳಬೇಕು ಎಂಬುದು ಅವರ ಕಡೆಯ ನಡವಳಿಕೆ. ತಿಥಿಯ ದಿನ ರೇವಮ್ಮ ಚೆಂಬಿನಲ್ಲಿ ನೀರು ಹಿಡಿದು ಹೊಸ್ತಿಲ ಮೇಲೆ ನಿಂತು ಹೆಸರಿಟ್ಟು ಕರೆದಿದ್ದಳು. ಹಾಗೆ ಒಳಗೆ ಬಂದವನು ಮತ್ತೆ ಕರೆಯುವ ತನಕ ಆ ಮನೆ ಬಿಟ್ಟು ಕದಲುವುದಿಲ್ಲ.

ದೊಡ್ಡವರ ಎಡೆಯೆಲ್ಲ ಪೂರಿಗಾಲಿಯಲ್ಲಿ ಕನಕರಾಜುವಿನ ಅಣ್ಣನ ಮನೆಯಲ್ಲಿ ನಡೆಯುತ್ತಿತ್ತು. ಮಳವಳ್ಳಿಯ ಮನೆಯಲ್ಲಿ ಪಿತೃಪಕ್ಷದ ಎಡೆ ಹರ್ಷನೊಬ್ಬನಿಗೆ. ಫೋಟೊ ಮುಂದೆ ಎಲೆ ಹಾಕಿ, ಬಂಡೂರು ಕುರಿಯ ಸಾರು, ಮುದ್ದೆ, ಪಕ್ಕದಲ್ಲಿ ಅವನು ಪ್ರಾಣ ಬಿಡುತ್ತಿದ್ದ ಗೋಬಿ ಮಂಚೂರಿ ಬಡಿಸುತ್ತಿದ್ದರು. ಧೂಪ ಹಾಕಿ ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡು, ಒಬ್ಬರು ನಿಧಾನವಾಗಿ ಉಂಡು ಏಳುವಷ್ಟು ಹೊತ್ತು ಕಾಯಬೇಕು. ಆಮೇಲೆ ಬಾಗಿಲು ತಟ್ಟಿಯೇ ಒಳಗೆ ಹೋಗಬೇಕು, ಉಣ್ಣುವವರ ಮುಂದೆ ದಿಢೀರೆಂದು ನಿಲ್ಲಬಾರದು. ಹೋಗಿ ನೋಡಿದರೆ ಮುದ್ದೆಯ ನೆತ್ತಿ ಒಂಚೂರು ಕಿತ್ತಿರುತ್ತಿತ್ತು, ಇಲ್ಲವೇ ಗೋಬಿಯ ತುಣುಕೊಂದು ಎಲೆಯಾಚೆ ಬಿದ್ದಿರುತ್ತಿತ್ತು. ವರ್ಷಕ್ಕೆ ಆ ಒಂದು ದಿನ ರೇವಮ್ಮನ ಮುಖ ಮೊದಲಿನಂತಾಗುತ್ತಿತ್ತು. ಬಚ್ಚಲ ಕಿಂಡಿಯಿಂದ ಇಲಿ ಬರುತ್ತದೆಂದು ಕನಕರಾಜುವಿಗೆ ಗೊತ್ತಿತ್ತು. ಆ ಕಿಂಡಿಗೆ ಜಾಲರಿ ಹೊಡೆಸುವ ಗೋಜಿಗೆ ಅವನು ಎಂದೂ ಹೋಗಲಿಲ್ಲ. ಅಷ್ಟರ ಮಟ್ಟಿಗೆ ಒಳ್ಳೆಯ ಮನುಷ್ಯನೇ.

ಮನೆ ಬಿಡುವ ವಾರವೇ ರೇವಮ್ಮನಿಗೆ ಕಣ್ಣಿನ ಪೊರೆ ತೆಗೆದರು. ಧೂಳು, ಹೊಗೆ, ಬಗ್ಗುವುದು ಯಾವುದೂ ಕೂಡದೆಂದು ಮಗಳು ಅವಳನ್ನು ಮಂಡ್ಯದಲ್ಲೇ ಇಟ್ಟುಕೊಂಡಳು. ಹಾಗಾಗಿ ಕರೆಯುವ ಕೆಲಸ ಗಂಡನ ತಲೆಗೆ ಬಂತು. ರೇವಮ್ಮ ದಿನವೂ ಫೋನು ಮಾಡಿ ಮಗ್ಗಿ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟಳು. ಸಾಮಾನೆಲ್ಲ ಹೋದ ಮೇಲೆ ಕೊನೆಯಲ್ಲಿ, ಆ ಮನೆಯ ನೀರನ್ನೇ ಚೆಂಬಿಗೆ ತುಂಬಿ, ಹೊಸ್ತಿಲಲ್ಲಿ ನಿಂತು, ಹೊಸ ಮನೆಗೆ ಹೋಗೋಣ ಬಾರಪ್ಪ ಎಂದು ಕರೆದು, ತುಳುಕದ ಹಾಗೆ ತರಬೇಕು. ಕನಕರಾಜು ಎಲ್ಲದಕ್ಕೂ ಹೂಂ ಎಂದ.

ಅವತ್ತು ನೋಡಿದರೆ ಬೀರು ಬಾಗಿಲಲ್ಲಿ ಸಿಕ್ಕಿಕೊಂಡಿತು. ಹಮಾಲಿಗಳು ಒಬ್ಬರನ್ನೊಬ್ಬರು ಬೈದುಕೊಂಡರು. ಮನೆ ಕೊಂಡವರು ಕೀಗಾಗಿ ಬಂದು ಗೇಟಿನಲ್ಲಿ ನಿಂತು ಗಳಿಗೆಗೊಮ್ಮೆ ಗಡಿಯಾರ ನೋಡಿಕೊಂಡರು. ಕನಕರಾಜು ಕೀ ಕೊಟ್ಟು, ಕೈ ಮುಗಿದು, ಟೆಂಪೊ ಹತ್ತಿ ಕೂತ. ಮದ್ದೂರಿನಲ್ಲಿ ಡ್ರೈವರ್ ಟೀಗೆಂದು ನಿಲ್ಲಿಸಿದಾಗ ಕಾಲ ಬುಡದಲ್ಲಿ ಉರುಳಾಡುತ್ತಿದ್ದ ಖಾಲಿ ಚೆಂಬು ಕಣ್ಣಿಗೆ ಬಿತ್ತು. ಹಿಂದಕ್ಕೆ ತಿರುಗಿಸು ಎಂದು ಡ್ರೈವರಿಗೆ ಏನಂತ ಹೇಳುವುದು, ಮಗನನ್ನು ಮರೆತು ಬಂದೆ ಎಂದೇ? ಸತ್ತವನು ಎಲ್ಲಿದ್ದರೇನು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಟೀ ಅಂಗಡಿಯ ಡ್ರಮ್ಮಿನಿಂದ ಚೆಂಬು ತುಂಬಿಸಿದ. ಮಂಡ್ಯದ ತನಕ ಅದನ್ನು ತೊಡೆಯ ಮೇಲೆ ಒಂದು ಹನಿಯೂ ಚೆಲ್ಲದ ಹಾಗೆ ಹಿಡಿದು ತಂದ.

ಕಪ್ಪು ಕನ್ನಡಕ ಹಾಕಿಕೊಂಡು ರೇವಮ್ಮ ಫ್ಲ್ಯಾಟಿನ ಬಾಗಿಲಲ್ಲೇ ಕಾಯುತ್ತಿದ್ದಳು.

"ಕರದ್ರಾ?"

"ಕರದೆ ಕಣಮ್ಮಿ."

"ಬಂದ್ನಾ?"

"ಬರ್ದೆ ಏನು. ಬಂದ."

ಅವಳು ಎರಡೂ ಕೈಯಲ್ಲಿ ಚೆಂಬು ಇಸಿದುಕೊಂಡು, ಇದು ಅಡುಗೆಮನೆ, ಇದು ನಿನ್ನ ರೂಮು ಎಂದು ಒಂದೊಂದೇ ತೋರಿಸುತ್ತ ಒಳಗೆ ನಡೆದಳು. ಕನಕರಾಜು ಲಿಫ್ಟಿನಲ್ಲಿ ಬರುತ್ತಿದ್ದ ಪಾತ್ರೆ ಚೀಲಗಳನ್ನು ಲೆಕ್ಕ ಹಾಕುವವನಂತೆ ಬೆನ್ನು ತಿರುಗಿಸಿ ನಿಂತ.

ಸುಳ್ಳು ಅಲ್ಲಿಗೇ ಮುಗಿದಿದ್ದರೆ ಬದುಕಬಹುದಿತ್ತು. ಆದರೆ ಅದರ ಜೊತೆ ಒಂದು ಸೂರಿನಡಿ ಬಾಳಬೇಕಾಯಿತು. ರೇವಮ್ಮ ಚಿಕ್ಕ ಕೋಣೆಯಲ್ಲಿ ಏನೂ ಇಡಗೊಡಲಿಲ್ಲ. ಇಸ್ತ್ರಿ ಟೇಬಲ್ಲು ಇಡಲು ಹೋದವನನ್ನು, ಅವನಿಗೆ ಇಕ್ಕಟ್ಟಾಗುತ್ತದೆ ಎಂದು ತಡೆದಳು. ಅಷ್ಟು ದೊಡ್ಡ ಮನೆ ಬಿಟ್ಟು ಈ ಬೆಂಕಿಪೊಟ್ಟಣದಲ್ಲಿ ಅವಳು ನಗುನಗುತ್ತ ಇರುವುದು ಕಂಡು ರಮ್ಯಶ್ರೀಗೆ ಆಶ್ಚರ್ಯವೋ ಆಶ್ಚರ್ಯ. ಕನಕರಾಜು ಮಾತ್ರ ಆ ಖಾಲಿ ಕೋಣೆಯ ಮುಂದೆ ಹಾದುಹೋಗುವಾಗೆಲ್ಲ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದ.

ಪಕ್ಷ ಬಂತು. ಮಾಂಸ ಬೇಯುವ ವಾಸನೆಗೆ ಯಾರೇನು ಅನ್ನುತ್ತಾರೋ ಎಂದು ಕಿಟಕಿಗಳನ್ನೆಲ್ಲ ಭದ್ರವಾಗಿ ಎಳೆದುಕೊಂಡೇ ಅಡುಗೆ ಮಾಡಿದರು. ಕೆಳಗಿನ ಗಾಡಿಯವನಿಂದ ಗೋಬಿ ತಂದದ್ದೂ ಆಯಿತು. ಎಲೆ ಹಾಕಿ, ದೀಪ ಹಚ್ಚಿ, ಧೂಪ ಹಾಕಿ, ಗಂಡ ಹೆಂಡತಿ ಹೊರಗೆ ಬಂದು ಬಾಗಿಲು ಎಳೆದುಕೊಂಡರು. ಬಾಗಿಲು ಟಕ್ಕೆಂದಿತು. ಎಳೆದರೆ ತಾನೇ ಬೀಗ ಬೀಳುವ ಬಾಗಿಲದು. ಕೀ ಒಳಗೆ ಟೀವಿಯ ಪಕ್ಕದಲ್ಲಿತ್ತು. ಸತ್ತವರಿಗೆ ಮನೆ ಬಿಟ್ಟುಕೊಟ್ಟು ಬದುಕಿರುವವರು ಹೊರಗೆ ನಿಲ್ಲುವ ಸಂಪ್ರದಾಯ ಆ ಬೀಗ ಮಾಡಿದವನಿಗೆ ಗೊತ್ತಿರಲಿಲ್ಲ.

ಇನ್ನೊಂದು ಕೀ ಮಗಳ ಹತ್ತಿರ. ಶಾಲೆ ಬಿಡುತ್ತಲೇ ಬರುತ್ತೇನೆಂದಳು. ಎದುರು ಫ್ಲ್ಯಾಟಿನ ಯಶೋದಮ್ಮ ಪಾಪ ಎಂದು ಎರಡು ಕುರ್ಚಿ ತಂದು ಹಾಕಿ, ಒಳಗೆ ಬನ್ನಿ ಎಂದು ಕರೆದರು. ರೇವಮ್ಮ ಒಲ್ಲೆ ಎಂದಳು. ಮೊದಮೊದಲು ಅವಳಿಗೆ ಸಂತೋಷವೇ ಆಗಿತ್ತು. ಬಿಡಿ, ಅವನು ನಿಧಾನವಾಗಿ ಉಣ್ಣಲಿ ಎಂದಳು. ಹೊತ್ತು ಏರಿತು. ಎಡೆ ಆರಿ ಗಟ್ಟಿಯಾಗಿರುತ್ತದೆ ಎಂದು ಚಡಪಡಿಸಿದಳು. ಕೊನೆಗೆ ಎದ್ದು ಹೋಗಿ ಬಾಗಿಲು ತಟ್ಟಿದಳು. ಅದು ಪದ್ಧತಿಯ ತಟ್ಟು ಎಂದು ಕನಕರಾಜು ಕುರ್ಚಿಯಲ್ಲೇ ಕೂತಿದ್ದ. ಅವಳು ಮತ್ತೆ ತಟ್ಟಿದಳು, ಬಾಗಿಲಿಗೆ ಕೆನ್ನೆ ಒತ್ತಿದಳು.

"ಅರ್ಸ, ಉಂಡಾಯ್ತಾ ಮಗ? ಒಳಗಡಿಂದ ಆ ಗುಂಡಿ ವಸಿ ತಿರುಗ್ಸಪ್ಪ. ನಿಮ್ಮಪ್ಪಂಗೆ ಕುಂತೂ ಕುಂತೂ ಮಂಡಿ ನೋಯ್ತಾ ಐತೆ."

ಯಶೋದಮ್ಮ ಮೆಲ್ಲಗೆ ತಮ್ಮ ಬಾಗಿಲು ಮುಂದೆ ಮಾಡಿಕೊಂಡರು. ಒಳಗೆ ಯಾರೂ ಇಲ್ಲವೆಂದು ಆ ಕಾರಿಡಾರಿನಲ್ಲಿ ಗೊತ್ತಿದ್ದವನು ಕನಕರಾಜು ಒಬ್ಬನೇ.

ರಮ್ಯಶ್ರೀ ಬಂದು ಬಾಗಿಲು ತೆಗೆದಳು. ಮುದ್ದೆ ಕಟ್ಟಿಟ್ಟ ಹಾಗೇ ನುಣ್ಣಗೆ ಕೂತಿತ್ತು. ಗೋಬಿಯ ಒಂದು ತುಣುಕೂ ಅತ್ತಿತ್ತ ಆಗಿರಲಿಲ್ಲ. ಇರುವೆ ಕೂಡ ಹತ್ತದ ಮನೆ ಅದು. ರೇವಮ್ಮ ಎಲೆಯ ಮುಂದೆ ಕೂತು, ಪೊರೆ ತೆಗೆದ ಕಣ್ಣಿನಿಂದ ಬಹಳ ಹೊತ್ತು ನೋಡಿದಳು. ಮಗಳು ಹೋದ ಮೇಲೆ ತಲೆ ಎತ್ತದೆ ಕೇಳಿದಳು.

"ನಿಜ ಯೋಳಿ. ಅವತ್ತು ಕರದ್ರಾ?"

ಇನ್ನೊಂದು ಸುಳ್ಳು ಹೇಳಲು ಏನೂ ಅಡ್ಡಿಯಿರಲಿಲ್ಲ. ಆದರೆ ಅವಳು ಬಾಗಿಲು ತಟ್ಟಿದ್ದನ್ನು ನೋಡಿದ ಮೇಲೆ ಅವನ ನಾಲಿಗೆ ಹೊರಳಲಿಲ್ಲ. ಬೀರು ಸಿಕ್ಕಿಕೊಂಡದ್ದು, ಮದ್ದೂರಿನ ಡ್ರಮ್ಮು, ಎಲ್ಲವನ್ನೂ ಹೇಳಿದ. ರೇವಮ್ಮ ಬೈಯಲಿಲ್ಲ, ಅಳಲಿಲ್ಲ. ಅವಳು ಬೈದಿದ್ದರೆ ಅವನಿಗೆ ಉಸಿರಾಡಲು ಜಾಗ ಸಿಗುತ್ತಿತ್ತು. ಅಮಾವಾಸ್ಯೆಗೆ ಇನ್ನೂ ದಿನವಿದೆ, ನಾಳೆಯೇ ಹೋಗಿ ಕರೆದುಕೊಂಡು ಬಂದರೆ ಇನ್ನೊಂದು ಎಡೆ ಇಡಬಹುದು ಎಂದಷ್ಟೇ ಹೇಳಿ ಎಲೆ ಎತ್ತಿದಳು.

ಬೆಳಿಗ್ಗೆ ಮದ್ದೂರಿನ ಮೇಲೆ ಬಸ್ಸಿನಲ್ಲಿ ಹೊರಟರು. ರೇವಮ್ಮ ಹೊಸ ಸೀರೆ ಉಟ್ಟಿದ್ದಳು. ಕನಕರಾಜು ದಾರಿಯುದ್ದಕ್ಕೂ ಕರೆಯುವ ಮಾತನ್ನು ಮನಸ್ಸಿನಲ್ಲೇ ಗಟ್ಟು ಮಾಡಿದ. ಇಲಿ ಎಂದು ಒಳಗೊಳಗೇ ನಕ್ಕವನು, ಜಾಲರಿ ಹೊಡೆಸದೆ ಬಿಟ್ಟೆನೆಂದು ಬೀಗಿದವನು, ಈಗ ಮಗ ಅಲ್ಲಿ ಕಾದು ಕೂತಿರಲಿ ದೇವರೇ ಎಂದು ಬೇಡಿಕೊಳ್ಳುತ್ತಿದ್ದ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದು ಎಂದರೆ ಇದೇ ಇರಬೇಕು. ಆದರೂ ಮಳವಳ್ಳಿ ಹತ್ತಿರವಾದಂತೆ ಅವನಿಗೆ ಚೂರು ಧೈರ್ಯ ಬಂತು.

ಮನೆಗೆ ಬೇರೆ ಬಣ್ಣ ಹೊಡೆಸಿದ್ದರು. ಕೊಂಡವರ ಮನೆಯಾಕೆ ಚಲುವಮ್ಮ ಒಳ್ಳೆಯ ಹೆಂಗಸು, ನೆಂಟರು ಬಂದಂತೆ ಓಡಿ ಬಂದು ಕೂರಿಸಿ ಕಾಫಿ ಕೊಟ್ಟಳು. ಮೊಮ್ಮಗು ನೆಲದ ಮೇಲೆ ಅಂಬೆಗಾಲಿಕ್ಕುತ್ತಿತ್ತು. ರೇವಮ್ಮ ಸುತ್ತಿ ಬಳಸದೆ ಬಂದ ಕಾರಣ ಹೇಳಿ, ಒಂದು ಚೆಂಬು ನೀರು ಕೊಟ್ಟು ಒಂದು ಗಳಿಗೆ ಹೊಸ್ತಿಲು ಬಿಟ್ಟುಕೊಡಿ ಎಂದು ಕೇಳಿದಳು. ಚಲುವಮ್ಮನ ಮುಖ ಇಳಿಯಿತು. ಅವಳು ಬಾಯಿ ತೆರೆಯುವ ಮೊದಲೇ ರೇವಮ್ಮ ಹೊಸ್ತಿಲ ಹತ್ತಿರ ಬಗ್ಗಿದ್ದಳು. ಎರಡೂ ತುದಿಯಲ್ಲಿ ಕಬ್ಬಿಣದ ಮೊಳೆ ಹೊಡೆದು ಮೇಲೆ ಕುಂಕುಮ ಬಳಿದಿತ್ತು.

ಈ ಮನೆಗೆ ಬಂದ ತಿಂಗಳೇ ಮಗುವಿಗೆ ಜ್ವರ ಹಿಡಿದು ಬಿಡಲಿಲ್ಲವಂತೆ. ಈ ಮನೆಯಲ್ಲಿ ಮದುವೆಯಾಗದ ಹುಡುಗನೊಬ್ಬ ಉಳಿದಿದ್ದಾನೆ ಎಂದು ಬೀದಿಯವರು ಕಿವಿ ಊದಿದರಂತೆ. ಯಾರೋ ಮಂತ್ರ ಬಲ್ಲವರನ್ನು ಕರೆಸಿ, ನಿಂಬೆಹಣ್ಣು ಕೊಯ್ಯಿಸಿ, ಅವನನ್ನು ಮನೆ ಬಿಡಿಸಿ, ಮತ್ತೆ ಬರದಂತೆ ಮೊಳೆ ಹೊಡೆಸಿದರಂತೆ. ಕೂಸಿನ ಸಂಕಟ ನೋಡಲಾರದೆ ಮಾಡಿದೆವು, ತಪ್ಪು ತಿಳಿಯಬೇಡಿ ಎಂದು ಚಲುವಮ್ಮ ಕೈ ಮುಗಿದಳು.

ರೇವಮ್ಮ ಹೊಸ್ತಿಲ ಪಕ್ಕದಲ್ಲೇ ಕೂತಳು. "ಇದ್ನಂತಾ ಅವ್ನು?" ಎಂದು ಕೇಳಿದಳು.

ಚಲುವಮ್ಮ ಮಗುವನ್ನು ಎತ್ತಿಕೊಂಡಳು. ಹೇಳಲೋ ಬೇಡವೋ ಎಂದು ಕನಕರಾಜುವಿನ ಮುಖ ನೋಡಿದಳು.

"ಇದ್ನಂತೆ ಕಣಕ್ಕ. ಈ ವಸ್ಲು ತಾವೇ ಕುಂತಿದ್ನಂತೆ. ಎಷ್ಟು ಯೋಳುದ್ರೂ ಏಳ್ನಿಲ್ವಂತೆ. ನಮ್ಮವ್ವ ಬತ್ತಾಳೆ, ಕರ್ಕಂಡೋಯ್ತಾಳೆ, ಅಲ್ಲೀಗಂಟ ಇರ್ತೀನಿ ಅಂತಿದ್ನಂತೆ."

"ಆಮೇಲೆ?"

"ಆಮೇಲೆ ಕಳಿಸ್ಬುಟ್ರು."

"ಎಲ್ಲಿಗೆ?"

"ಅದ್ನ ನಾವು ಕೇಳ್ನಿಲ್ಲ ಕಣಕ್ಕ."

ರೇವಮ್ಮ ಗೋಡೆ ಹಿಡಿದು ಎದ್ದಳು. ಮಗುವಿನ ಹಣೆ ಮುಟ್ಟಿ ನೋಡಿ, ಈಗ ಜ್ವರ ಇಲ್ಲವಲ್ಲ ಎಂದು ವಿಚಾರಿಸಿದಳು. ಇಲ್ಲ, ಅವತ್ತಿನಿಂದ ಬಂದಿಲ್ಲ ಎಂದಳು ಚಲುವಮ್ಮ. ಅದನ್ನು ಕೇಳಿ ರೇವಮ್ಮ ತಲೆಯಾಡಿಸಿ, ಗಂಡ ಎತ್ತರಿಸಿ ಕಟ್ಟಿಸಿದ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದು ರಸ್ತೆಗೆ ಬಂದಳು.

ರೇವಮ್ಮ ಮುಂದೆ, ಕನಕರಾಜು ಹಿಂದೆ, ಬಸ್‌ಸ್ಟ್ಯಾಂಡಿನ ತಿರುವಿನ ತನಕ ನಡೆದರು. ಅಲ್ಲಿ ಕನಕರಾಜುವಿಗೆ ತಡೆಯಲಾಗಲಿಲ್ಲ. ಬಸ್ಸಿನಲ್ಲಿ ಗಟ್ಟು ಮಾಡಿಟ್ಟಿದ್ದ ಮಾತು ಗಂಟಲಲ್ಲೇ ಇತ್ತು. ನಡುಬೀದಿಯಲ್ಲಿ ನಿಂತು, ಹೊಸ ಮನೆಗೆ ಹೋಗೋಣ ಬಾರಪ್ಪ ಅರ್ಸ, ಎಂದು ಮೊದಲು ಸಣ್ಣಗೆ, ಆಮೇಲೆ ದನಿ ಎತ್ತಿ ಕರೆದ. ಹಣ್ಣಿನ ಗಾಡಿಯವನು ತಿರುಗಿ ನೋಡಿದ. ಕನಕರಾಜು ಇನ್ನೂ ಜೋರಾಗಿ ಕರೆದ, ಅವನ ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯುತ್ತಿತ್ತು. ರೇವಮ್ಮ ಹಿಂದಕ್ಕೆ ಬಂದು ಅವನ ತೋಳು ಹಿಡಿದಳು.

"ಕೂಗ್ಬೇಡಿ, ನಡೀರಿ," ಎಂದಳು. "ಬೀದೀಲಿ ನಿಂತ್ಕಂಡು ಕರದ್ರೆ ಯಾರ್ಯಾರೋ ಇಂದೆ ಬತ್ತಾರೆ. ನಮ್ ಕೂಸು ಬರಾಕಿಲ್ಲ."